ಟೀಚರ್‌ಗಳಿಗೊಂದು ಕೋಣೆ

ಬಡಗಿಯ ಮಗಳ ಮೇಲೆ ಶಾಲೆಯಿಂದ ಮತ್ತೆ ದೂರು ಬಂದಿತ್ತು.

ಈ ಸಲ ಕಂಪಾಸ್ ಪೆಟ್ಟಿಗೆ. ಪಕ್ಕದಲ್ಲಿ ಕೂತ ಹುಡುಗಿ, "ನೀನು ಬರೆದ ನವಿಲು ಕೋಳಿ ಥರ ಇದೆ" ಎಂದಳಂತೆ. ಅಷ್ಟಕ್ಕೇ ಇವಳು ಪೆಟ್ಟಿಗೆ ಎತ್ತಿ ಬೀಸಿದ್ದಳು. ಪುಣ್ಯಕ್ಕೆ ಅದು ಗೋಡೆಗೆ ಬಡಿದು ಬಿತ್ತು. ಮನೆಯಲ್ಲಿ ಅವಳನ್ನು ಎಲ್ಲರೂ ಚಿನಕುರುಳಿ ಎಂದೇ ಕರೆಯುತ್ತಿದ್ದರು. ಒಂಬತ್ತು ವರ್ಷದ ಹುಡುಗಿ. ನಕ್ಕರೆ ಮನೆಯೆಲ್ಲ ನಗುತ್ತಿತ್ತು. ಸಿಟ್ಟು ಬಂದರೆ ಮಾತ್ರ ಕೈಗೆ ಸಿಕ್ಕಿದ್ದೆಲ್ಲ ಹಾರುತ್ತಿತ್ತು.

"ಬುದ್ಧಿ ಇದೆಯೇನೇ ನಿನಗೆ? ಆ ಹುಡುಗಿ ಕಣ್ಣಿಗೆ ಬಿದ್ದಿದ್ರೆ?" ಎಂದು ಬಡಗಿ ಗುಡುಗಿದ. ಸಿಟ್ಟಿಗೆ ಕೈಯಲ್ಲಿದ್ದ ಅಳತೆಪಟ್ಟಿಯನ್ನು ಮೇಜಿನ ಮೇಲೆ ರಪ್ಪೆಂದು ಬಡಿದ.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ತಲೆ ಎತ್ತದೆಯೇ ಹೇಳಿದಳು: "ಎಸೆಯೋದು ಯಾರಿಂದ ಕಲಿತಳೋ, ನನಗಂತೂ ಗೊತ್ತಿಲ್ಲಪ್ಪ."

ಬಡಗಿ ಆ ಮಾತು ಕಿವಿಗೆ ಬೀಳದವನ ಹಾಗೆ ನಟಿಸಿದ. "ಟೀಚರ್ ಏನ್ ಮಾಡಿದ್ರು?" ಎಂದು ಮಗಳನ್ನೇ ಕೇಳಿದ.

"ಜೋರಾಗಿ ಕಿರುಚಿದ್ರು. ಆಮೇಲೆ ಕರಿಹಲಗೆ ಕಡೆ ತಿರುಗಿ ನಿಂತ್ರು. ತುಂಬಾ ಹೊತ್ತು ತಿರುಗಲೇ ಇಲ್ಲ. ಭುಜ ಅಲ್ಲಾಡ್ತಿತ್ತು ಅಪ್ಪ. ಅಳ್ತಿದ್ರು ಅನ್ಸುತ್ತೆ."

ಮರುದಿನ ಟೀಚರ್ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಾರದ ಕೊನೆಗೆ ಹೆಡ್‌ಮಿಸ್ ತಂದೆತಾಯಿಯರನ್ನೆಲ್ಲ ಸಭೆಗೆ ಕರೆದರು.

ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಕೂತ ದೊಡ್ಡವರ ಮುಂದೆ ನಿಂತು ಹೆಡ್‌ಮಿಸ್ ನೇರವಾಗಿ ಮಾತಾಡಿದರು. "ನಿಮ್ಮ ಮಕ್ಕಳ ಟೀಚರ್ ಕೆಲಸ ಬಿಡ್ತೀನಿ ಅಂತ ಬಂದಿದ್ರು. ನಾನು ಒಪ್ಪಲಿಲ್ಲ. ಸ್ವಲ್ಪ ದಿನ ರಜೆ ತಗೊಳ್ಳಿ, ಡಾಕ್ಟರ್ ಹತ್ರ ಮಾತಾಡಿ, ಆಮೇಲೆ ಬನ್ನಿ ಅಂದೆ. ತಪ್ಪು ನಮ್ಮದೂ ಇದೆ. ಬೆಳಿಗ್ಗೆಯಿಂದ ಸಂಜೆವರೆಗೂ ಅವರಿಗೆ ಉಸಿರು ಬಿಡೋಕೂ ಪುರುಸೊತ್ತಿರಲಿಲ್ಲ. ಊಟದ ಹೊತ್ತಲ್ಲೂ ಮಕ್ಕಳನ್ನ ಕಾಯ್ತಾ ನಿಂತಿರ್ತಿದ್ರು."

ಆಮೇಲೆ ಮುಂದೇನು ಮಾಡಬೇಕೆಂದಿದ್ದೇವೆ ಎಂದು ವಿವರಿಸಿದರು. ಹಳೆಯ ಸಾಮಾನಿನ ಕೋಣೆಯನ್ನು ಖಾಲಿ ಮಾಡಿ, ಟೀಚರ್‌ಗಳು ಕೂತು ದಣಿವಾರಿಸಿಕೊಳ್ಳುವ ಕೋಣೆ ಮಾಡುವುದು. ಊಟದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ತಂದೆತಾಯಿಯರು ಸರದಿಯ ಮೇಲೆ ಬರುವುದು. ವಾರಕ್ಕೊಮ್ಮೆ ಟೀಚರ್‌ಗಳೆಲ್ಲ ಕೂತು ಪಾಠದ ಸುದ್ದಿ ಬಿಟ್ಟು ತಮ್ಮ ಕಷ್ಟಸುಖ ಹಂಚಿಕೊಳ್ಳುವುದು. ಜೊತೆಗೆ, ದಿನಾ ಬೆಳಿಗ್ಗೆ ಪಾಠಕ್ಕೆ ಮುಂಚೆ ಮಕ್ಕಳಿಗೆ ತಮ್ಮ ಮನಸ್ಸಿನ ಬಗ್ಗೆ ಮಾತಾಡಲು ಕಲಿಸುವುದು.

ಬಡಗಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ಅಲ್ಲ ಮೇಡಂ, ನಾವೂ ದುಡಿತೀವಿ, ನಮಗೂ ಸುಸ್ತಾಗುತ್ತೆ. ನಮಗೆ ಯಾರು ರೂಮ್ ಕಟ್ಟಿಸಿಕೊಡ್ತಾರೆ? ಮಕ್ಕಳನ್ನ ಲೆಕ್ಕ ಕಲೀಲಿ ಅಂತ ಕಳಿಸ್ತೀವಿ. ಮನಸ್ಸಿನ ಸುದ್ದಿ ಎಲ್ಲಾ ಯಾಕೆ?"

ಹಿಂದಿನ ಬೆಂಚಿನಿಂದ ಒಂದಿಬ್ಬರು ಚಪ್ಪಾಳೆ ತಟ್ಟಿದರು. ಹೆಡ್‌ಮಿಸ್ ಸಿಟ್ಟಾಗಲಿಲ್ಲ. "ನೀವು ಬಡಗಿ ಅಲ್ವಾ? ಆ ಕೋಣೆ ಕೆಲಸ ನೀವೇ ಮಾಡಿಕೊಡಿ. ಒಳಗೆ ಬಂದು ನೋಡಿದ ಮೇಲೂ ಹೀಗೇ ಅನ್ನಿಸಿದ್ರೆ, ಮುಂದಿನ ಸಭೇಲಿ ಹೇಳಿ" ಎಂದರು.

ಎಲ್ಲರೂ ನಕ್ಕರು. ಬಡಗಿ ಪೆಚ್ಚಾಗಿ ಕೂತ.

ಮನೆಗೆ ನಡೆಯುತ್ತಿದ್ದಾಗ ಪಕ್ಕದ ಮನೆಯ ನರ್ಸಕ್ಕ ಜೊತೆಯಾದಳು. ಅವಳ ಮಗನೂ ಅದೇ ತರಗತಿ. ಆಸ್ಪತ್ರೆಯಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವಳು, ಬಡಗಿಗಿಂತ ದೊಡ್ಡವಳು.

"ತಮ್ಮಾ, ಒಂದು ಮಾತು ಕೇಳ್ತೀನಿ. ತಲೆ ಕೆಟ್ಟು ಕೂತ ದಿನ ಮಿಷನ್ ಗರಗಸ ಹಾಕ್ತೀಯಾ?"

"ಹುಚ್ಚೇನಕ್ಕ? ಕೈ ಹೋಗುತ್ತೆ."

"ಮತ್ತೆ ಏನ್ ಮಾಡ್ತೀಯಾ?"

"ಹೊರಗೆ ಹೋಗಿ ಕೂತ್ಕೋತೀನಿ. ಇಲ್ಲಾ ಮರಳುಕಾಗದ ಹಾಕಿ ತಿಕ್ಕೋ ಕೆಲಸ ಮಾಡ್ತೀನಿ. ಸಿಟ್ಟು ಇಳೀಲಿ ಅಂತ."

"ಟೀಚರ್‌ಗೆ ಹೊರಗೆ ಹೋಗಿ ಕೂರೋಕೆ ಜಾಗ ಎಲ್ಲಿದೆ? ಅವರ ಕೈಯಲ್ಲಿರೋದು ಮರದ ಹಲಗೆ ಅಲ್ಲ, ನಿನ್ನ ಮಗಳು, ನನ್ನ ಮಗ. ತಲೆ ಕೆಟ್ಟಿದ್ರೂ ಮಿಷನ್ ನಿಲ್ಲಿಸೋ ಹಾಗಿಲ್ಲ ಅಂತ ನಾವೇ ಅವರನ್ನ ಕೂರಿಸಿದೀವಲ್ಲ?"

 ಬಡಗಿ ಪೂರ್ತಿ ಒಪ್ಪಲಿಲ್ಲ. "ನೋಡೋಣ" ಎಂದು ಹೇಳಿ ಮನೆ ಹೊಕ್ಕ.

ಕೆಲಸ ಶುರುವಾಯಿತು. ಮುರಿದ ಕುರ್ಚಿ, ಹಳೆಯ ನಕ್ಷೆ, ಧೂಳು ಹಿಡಿದ ತೂಕದ ಕಲ್ಲುಗಳನ್ನೆಲ್ಲ ಸಾಗಿಸಿದ ಮೇಲೆ ಕೋಣೆಗೆ ಒಂದು ಕಿಟಕಿ ಇರುವುದು ಗೊತ್ತಾಯಿತು. ಬೆನ್ನಿಗೆ ಆಸರೆ ಇರುವ ಉದ್ದ ಬೆಂಚು, ಸರಿಯಾಗಿ ಮುಚ್ಚುವ ಬಾಗಿಲು, ನೀರಿನ ಹೂಜಿ ಇಡಲು ಒಂದು ಗೂಡು. ಇಷ್ಟು ಮಾಡಬೇಕಿತ್ತು. ಅಷ್ಟರಲ್ಲಿ ಟೀಚರ್ ರಜೆ ಮುಗಿಸಿ ಬಂದಿದ್ದರು. ಕೋಣೆಯ ಎದುರಿಗೇ ಅವರ ತರಗತಿ. ಕೆಲಸ ಮಾಡುತ್ತಲೇ ಬಡಗಿಗೆ ಒಳಗಿನದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಬೆಳಿಗ್ಗೆ ಟೀಚರ್ ಮಕ್ಕಳನ್ನು ಸುತ್ತ ಕೂರಿಸಿಕೊಂಡು, "ಇವತ್ತು ಒಳಗೆ ಹೇಗಿದೆ?" ಎಂದು ಕೇಳುತ್ತಿದ್ದರು.

"ಹೊಟ್ಟೇಲಿ ಪಾತ್ರೆ ಉರುಳಿದ ಹಾಗಿದೆ ಟೀಚರ್" ಎಂದ ನರ್ಸಕ್ಕನ ಮಗ.

"ಅದು ಹಸಿವಾ, ಭಯಾನಾ?"

ಅವನು ಸ್ವಲ್ಪ ಯೋಚಿಸಿ, "ಎರಡೂ" ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ. ಟೀಚರ್ ಅವನಿಗೆ ತಿನ್ನಲು ಏನೋ ಕೊಟ್ಟು, ಭಯ ಯಾತಕ್ಕೆ ಎಂದು ಮೆಲ್ಲಗೆ ವಿಚಾರಿಸಿದರು.

ಇನ್ನೊಂದು ದಿನ ಟೀಚರ್ ತಮ್ಮ ವಿಷಯವನ್ನೇ ಹೇಳಿಕೊಂಡರು. "ನನಗೆ ಇವತ್ತು ಆಯಾಸ ಇದೆ ಮಕ್ಕಳೇ. ನಮ್ಮನೇಲಿ ಅಜ್ಜಿಗೆ ಹುಷಾರಿಲ್ಲ, ಸರಿಯಾಗಿ ನಿದ್ದೆ ಆಗಿಲ್ಲ. ಅದಕ್ಕೆ ಮೆಲ್ಲಗೆ ಮಾತಾಡ್ತೀನಿ. ನೀವು ಏನೂ ತಪ್ಪು ಮಾಡಿಲ್ಲ."

ಬಡಗಿ ಉಜ್ಜುತ್ತಿದ್ದ ಹಲಗೆಯನ್ನು ಬಿಟ್ಟು ತಲೆ ಎತ್ತಿದ. ಗದ್ದಲದ ಗೂಡಾಗಿದ್ದ ಆ ತರಗತಿ ಸಣ್ಣ ದನಿಯಲ್ಲಿ ಮಾತಾಡತೊಡಗಿತ್ತು. ಯಾರೂ ಬೆತ್ತ ತೋರಿಸಿರಲಿಲ್ಲ.

ಊಟದ ಹೊತ್ತಿಗೆ ಟೀಚರ್ ಇನ್ನೂ ಅರೆಬರೆಯಾಗಿದ್ದ ಬೆಂಚಿನ ಮೇಲೆ ಬಂದು ಕೂತರು. ಹೊರಗೆ ಮಕ್ಕಳನ್ನು ಯಾರೋ ಒಬ್ಬ ತಂದೆ ನೋಡಿಕೊಳ್ಳುತ್ತಿದ್ದ.

"ಬೆಂಚು ಚೆನ್ನಾಗಿದೆ. ಬೆನ್ನಿಗೆ ಹಾಯಾಗಿದೆ" ಎಂದರು.

ಬಡಗಿ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. "ನನ್ನ ಮಗಳಿಂದ ನಿಮಗೆ ತುಂಬಾ ತೊಂದರೆ ಆಯ್ತು" ಎಂದ.

"ಅವಳಿಂದಲ್ಲ. ಆ ದಿನ ನಾನು ಕಿರುಚಿದೆ ನೋಡಿ, ಅವಳು ಕಂಪಾಸ್ ಎಸೆದ ಹಾಗೇ ನಾನು ಮಾತು ಎಸೆದೆ. ಸುಮ್ಮನಿರಿ ಅಂತ ಕಿರುಚಿ ಹೇಳಿದ್ರೆ ಮಕ್ಕಳು ಸುಮ್ಮನಿರೋದನ್ನ ಕಲಿಯಲ್ಲ, ಕಿರುಚೋದನ್ನ ಕಲೀತಾರೆ." ಅವರು ನೀರು ಕುಡಿದು ಒಂದು ಗಳಿಗೆ ಕಣ್ಣು ಮುಚ್ಚಿದರು. "ಈಗ ಇಷ್ಟು ಹೊತ್ತು ಕೂತ್ರೆ ಮಧ್ಯಾಹ್ನದ ತರಗತೀಲಿ ನಾನು ನಾನಾಗಿರ್ತೀನಿ."

ಬಡಗಿ ಬಾಗಿಲು ಕೂರಿಸುವ ದಿನ ಅದು ನಡೆಯಿತು.

ಚಿನಕುರುಳಿ ಅಪ್ಪನ ಹತ್ತಿರ ಚೂರುಪಾರು ಮರ ಇಸಿದುಕೊಂಡು, ಅಂಟು ಹಾಕಿ ಒಂದು ಸೇತುವೆ ಮಾಡುತ್ತಿದ್ದಳು. ಎಷ್ಟೋ ದಿನದ ಕೆಲಸ. ಕಮಾನು, ಕಂಬ, ಎರಡೂ ಕಡೆ ಕಟಕಟೆ. ಅಪ್ಪನಿಗೆ ಪೂರ್ತಿಯಾದ ಮೇಲೇ ತೋರಿಸುವುದು ಎಂದು ಹಟ ಹಿಡಿದಿದ್ದಳು. ಅದನ್ನು ಎರಡು ಕೈಯಲ್ಲೂ ಹಿಡಿದು ಕಪಾಟಿನ ಕಡೆ ನಡೆಯುತ್ತಿದ್ದಳು. ನರ್ಸಕ್ಕನ ಮಗ ಹಿಂದೆ ನೋಡುತ್ತ ಓಡಿಬಂದು ಢಿಕ್ಕಿ ಹೊಡೆದ. ಸೇತುವೆ ನೆಲಕ್ಕೆ ಬಿತ್ತು. ಅವನು ಅದರ ಮೇಲೆ ಬಿದ್ದ. ಕರಕರ ಎಂದು ಮುರಿದ ಸದ್ದು ಬಾಗಿಲ ಹತ್ತಿರ ನಿಂತಿದ್ದ ಬಡಗಿಯವರೆಗೂ ಕೇಳಿಸಿತು.

ಬಡಗಿಯ ಬಾಯಲ್ಲಿ ಮೊಳೆಗಳಿದ್ದವು. ಕೂಗಲಾಗಲಿಲ್ಲ. ಮಗಳ ಮುಖ ಕೆಂಪೇರುವುದು ಕಂಡ. ಅವಳ ಕೈ ಮೇಜಿನ ಮೇಲಿದ್ದ ಗಾಜಿನ ಅಂಟಿನ ಸೀಸೆಯನ್ನು ಹಿಡಿಯುವುದು ಕಂಡ. ಆ ಕೈ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವನದೇ ಕೈ. ಆಯಿತು, ಆ ಹುಡುಗನ ತಲೆ ಒಡೆಯಿತು ಎಂದುಕೊಂಡ.

ಸೀಸೆ ಹಾರಲಿಲ್ಲ.

ಚಿನಕುರುಳಿ ಅದನ್ನು ಹಿಡಿದೇ ನಿಂತಳು.  ಆಮೇಲೆ, ಏನೋ ತುಂಬ ಭಾರದ ವಸ್ತುವನ್ನು ಇಳಿಸುವವಳ ಹಾಗೆ, ಮೆಲ್ಲಗೆ ಅದನ್ನು ಮೇಜಿನ ಮೇಲಿಟ್ಟಳು. ಸಿಟ್ಟು ಬಂದಾಗ ಮಾಡಲು ಟೀಚರ್ ಹೇಳಿಕೊಟ್ಟಿದ್ದ ಹಾಗೆ ಗೋಡೆಯ ಹತ್ತಿರ ಹೋದಳು. ಎರಡೂ ಅಂಗೈಯನ್ನು ಗೋಡೆಗೆ ಒತ್ತಿ, ಇಡೀ ಶಾಲೆಯನ್ನೇ ಆಚೆ ತಳ್ಳುವ ಹಾಗೆ ತಳ್ಳಿದಳು. ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಯಾರೂ ನಗಲಿಲ್ಲ. ಯಾರೂ ಅವಳ ಹತ್ತಿರ ಹೋಗಲಿಲ್ಲ. ಟೀಚರ್ ಕೂಡ ನಿಂತಲ್ಲೇ ನಿಂತಿದ್ದರು, ಕಣ್ಣು ಮಾತ್ರ ಅವಳ ಮೇಲಿತ್ತು.

ಚಿನಕುರುಳಿ ತಿರುಗಿ ಬಂದಳು. ನೆಲದಲ್ಲಿ ಕೂತಿದ್ದ ಹುಡುಗನ ಮುಂದೆ ನಿಂತಳು.

"ನಿನ್ನ ಮೇಲೆ ನನಗೆ ತುಂಬಾ ತುಂಬಾ ಕೋಪ ಬಂದಿದೆ. ಹೊಡೀಬೇಕು ಅನ್ನಿಸ್ತು. ಆದ್ರೆ ಕೋಪದ ಕೆಳಗೆ ಅಳು ಇದೆ. ಇದನ್ನ ಅಪ್ಪಂಗೆ ತೋರಿಸ್ಬೇಕು ಅಂತಿದ್ದೆ."

ಹುಡುಗ ಮುರಿದ ಕಂಬವೊಂದನ್ನು ಕೈಗೆತ್ತಿಕೊಂಡ. "ನಾನು ನೋಡ್ಲಿಲ್ಲ ಕಣೇ. ಬೇಕು ಅಂತ ಮಾಡ್ಲಿಲ್ಲ. ನಾನೂ ಅಂಟು ಹಾಕ್ತೀನಿ, ಇಬ್ಬರೂ ಮಾಡೋಣ."

"ಆಮೇಲೆ ಮಾಡೋಣ. ಈಗ ನಾನು ಸ್ವಲ್ಪ ಅಳ್ತೀನಿ."

ಹಾಗೆಂದು ಕೂತು ಅತ್ತಳು. ಟೀಚರ್ ಬಂದು ಪಕ್ಕದಲ್ಲಿ ಕೂತರು. ಅವಳ ನವಿಲನ್ನು ಕೋಳಿ ಎಂದು ರೇಗಿಸಿದ್ದ ಹುಡುಗಿ ಚೂರುಗಳನ್ನು ಒಂದೊಂದಾಗಿ ಆಯ್ದು ಕಾಗದದ ಮೇಲೆ ಜೋಡಿಸಿಟ್ಟಳು.

ಬಡಗಿ ಬಾಯೊಳಗಿನ ಮೊಳೆಗಳನ್ನು ಒಂದೊಂದಾಗಿ ತೆಗೆದ.  ಮೊದಲ ಸಲ ಸಮುದ್ರ ಕಂಡವನ ಹಾಗೆ ನೋಡುತ್ತ ನಿಂತ. ದೊಡ್ಡ ದೊಡ್ಡ ತೊಲೆಗಳನ್ನು ಎತ್ತಿದವರನ್ನು ಅವನು ನೋಡಿದ್ದ. ಎತ್ತಿದ ಕೈಯನ್ನು ಇಳಿಸುವ ಇಂಥ ಶಕ್ತಿಯನ್ನು ಎಲ್ಲೂ ನೋಡಿರಲಿಲ್ಲ. ಅದೂ ಇಷ್ಟು ಚಿಕ್ಕ ಮೈಯಲ್ಲಿ. ನಲವತ್ತು ದಾಟಿದ ತನಗೆ ಒಮ್ಮೆಯೂ ಆಗದ್ದನ್ನು ತನ್ನ ಮಗಳು ಕಣ್ಣೆದುರೇ ಮಾಡಿದ್ದಳು. ಅವಳು ತನ್ನ ಮಗಳೇ ಹೌದೋ ಅಲ್ಲವೋ ಎಂದು ಮತ್ತೊಮ್ಮೆ ನೋಡಿದ. ಹೌದು, ಅದೇ ಸಿಕ್ಕುಗಟ್ಟಿದ ಜಡೆ, ಅದೇ ಮೊಂಡು ಮೂಗು.

ಮನೆಗೆ ಬಂದವನೇ ಚೀಲವನ್ನೂ ಇಳಿಸದೆ ಹೆಂಡತಿಯ ಮುಂದೆ ನೆಲಕ್ಕೆ ಕೂತುಬಿಟ್ಟ. "ಏನ್ರೀ, ಯಾರಿಗಾದ್ರೂ ಏನಾದ್ರೂ ಆಯ್ತಾ?" ಎಂದು ಅವಳು ಗಾಬರಿಯಾದಳು. "ಇಲ್ಲ ಕಣೇ. ಏನೂ ಆಗ್ಲಿಲ್ಲ. ಅದೇ ದೊಡ್ಡದು" ಎಂದ.

ಹಾಗೆಂದು ಚಿನಕುರುಳಿ ಒಂದೇ ದಿನಕ್ಕೆ ಸಾಧುವಾಗಲಿಲ್ಲ. ಮುಂದಿನ ವಾರ ಅವಳ ಚಪ್ಪಲಿಯೊಂದು ಹಾರಿ ಕಿಟಕಿಯಾಚೆ ಬಿತ್ತು. ಟೀಚರ್ ಅವಳಿಂದಲೇ ಅದನ್ನು ತರಿಸಿ, "ಇವತ್ತು ತಪ್ಪಿತು, ನಾಳೆ ಮತ್ತೆ ಪ್ರಯತ್ನ ಮಾಡೋಣ" ಎಂದರಂತೆ. ಮಗ್ಗಿಯೂ ಒಂದೇ ದಿನಕ್ಕೆ ಬಾಯಿಪಾಠ ಆಗುವುದಿಲ್ಲವಲ್ಲ.

ಆದರೆ ನಿಜವಾದ ಪರೀಕ್ಷೆ ಬಂದದ್ದು ಬಡಗಿಗೆ.

ಒಂದು ಸಂಜೆ ಅವನು ಉರಿಯುತ್ತಲೇ ಮನೆಗೆ ಬಂದ. ಸಲಕರಣೆಯ ಚೀಲವನ್ನು ಮೂಲೆಗೆ ಎಸೆದ. ಬೀಗದ ಕೈ ಎಲ್ಲಿಟ್ಟೆ ಎಂದು ಹೆಂಡತಿಯ ಮೇಲೆ ಹಾರಾಡಿದ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಅದು ಸಿಕ್ಕಿದ ಮೇಲೆ ಇನ್ನೂ ಜೋರಾಗಿ ಕೂಗಿದ.

ಚಿನಕುರುಳಿ ಒಳಗಿನಿಂದ ಬಂದಳು. ಸ್ವಲ್ಪ ದೂರದಲ್ಲೇ ನಿಂತಳು.

"ಅಪ್ಪಾ, ಇದು ಬರೀ ಕೋಪಾನಾ? ಕೆಳಗೆ ಬೇರೆ ಏನಾದ್ರೂ ಇದೆಯಾ?"

ಹೊಲಿಗೆ ಯಂತ್ರ ನಿಂತಿತು.  ಇಂಥ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಬಡಗಿಗೆ ಯಾರೂ ಕೇಳಿರಲಿಲ್ಲ. ಅವ್ವ ಕೇಳಿರಲಿಲ್ಲ, ಮೇಷ್ಟ್ರು ಕೇಳಿರಲಿಲ್ಲ, ತಾನೂ ಕೇಳಿಕೊಂಡಿರಲಿಲ್ಲ. ಅವನು ಒಳಗೆ ನೋಡಿಕೊಂಡ. ಮಗಳು ಕೇಳಿದ್ದು ಸರಿಯಾಗಿತ್ತು. ಕೋಪದ ಕೆಳಗೆ ಬೇರೆ ಏನೋ ಇತ್ತು.

"ಭಯ ಇದೆ ಪುಟ್ಟಾ" ಎಂದ. ಆ ಮಾತು ಅವನಿಗೇ ಹೊಸದಾಗಿ ಕೇಳಿಸಿತು. "ಈ ಬಲಗೈ ಜೋಮು ಹಿಡೀತಿದೆ. ಬಹಳ ದಿನದಿಂದ. ಇವತ್ತು ಉಳಿ ಜಾರಿ ಒಳ್ಳೇ ಬಾಗಿಲು ಹಾಳಾಯ್ತು. ಕೈಯೇ ಹೋದ್ರೆ ನಿಮ್ಮನ್ನ ಹೇಗೆ ಸಾಕಲಿ ಅಂತ ಭಯ."

"ಇಷ್ಟು ದಿನ ಇದನ್ನ ಒಳಗೇ ಇಟ್ಕೊಂಡಿದ್ರಾ?" ಹೆಂಡತಿ ಎದ್ದು ಬಂದು ಆ ಕೈ ಹಿಡಿದುಕೊಂಡಳು. ಮಗಳು ಆಗಲೇ ನರ್ಸಕ್ಕನನ್ನು ಕರೆಯಲು ಓಡಿದ್ದಳು.

ಮರುದಿನ ಆಸ್ಪತ್ರೆಯಲ್ಲಿ ಗೊತ್ತಾಯಿತು: ಮಣಿಕಟ್ಟಿನ ಹತ್ತಿರ ನರ ಒತ್ತಿಕೊಂಡಿದೆ. ಕಟ್ಟು ಹಾಕಿ, ಕೈಗೆ ವಿಶ್ರಾಂತಿ ಕೊಟ್ಟು, ಹೇಳಿಕೊಟ್ಟ ವ್ಯಾಯಾಮ ಮಾಡಿದರೆ ಸರಿಹೋಗುವ ಸಾಧ್ಯತೆ ಹೆಚ್ಚು ಎಂದರು ಡಾಕ್ಟರ್. "ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು. ಒಳ್ಳೇ ಹೊತ್ತಿಗೆ ಬಂದ್ರಿ. ಯಾರು ಹೇಳಿ ಕಳಿಸಿದ್ರು?"

"ನನ್ನ ಮಗಳು" ಎಂದ ಬಡಗಿ. "ನಾಲ್ಕನೇ ತರಗತಿ."

ಮುಂದಿನ ಸಭೆಯಲ್ಲಿ ಹೆಡ್‌ಮಿಸ್ ಏನನ್ನೂ ಕೇಳುವ ಮೊದಲೇ ಅವನು ಎದ್ದು ನಿಂತ. ಕೈಗೆ ಕಟ್ಟು ಇತ್ತು. "ಊಟದ ಹೊತ್ತಿಗೆ ಮಕ್ಕಳನ್ನ ನೋಡ್ಕೊಳ್ಳೋಕೆ ನನ್ನ ಹೆಸರೂ ಬರ್ಕೊಳ್ಳಿ" ಎಂದ. ಆಮೇಲೆ ಟೀಚರ್ ಕಡೆ ತಿರುಗಿದ.  ಎರಡು ಕೈ ಎತ್ತಿ ಮುಗಿದ. ಟೀಚರ್ ಕಣ್ಣು ತುಂಬಿ ನಕ್ಕರು.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವಿನ ಟೀಚರ್ ಹೇಗಿದ್ದಾರೆ? ಮಗುವಿನ ಅಂಕ ಎಷ್ಟು ಎಂದು ವಿಚಾರಿಸಲು ಹೋದಾಗ, "ನೀವು ಹೇಗಿದ್ದೀರಿ?" ಎಂದು ಅವರನ್ನೂ ಒಮ್ಮೆ ಕೇಳಿ. ನಿಮ್ಮ ಶಾಲೆಯಲ್ಲಿ ಅವರು ಕೂತು ಉಸಿರು ಬಿಡಲು ಒಂದು ಜಾಗ ಇದೆಯೇ ನೋಡಿ. ಇಲ್ಲದಿದ್ದರೆ ಸಭೆಯಲ್ಲಿ ಆ ಮಾತು ಎತ್ತಿ. ತಿಂಗಳಿಗೊಂದು ಮಧ್ಯಾಹ್ನ ನಿಮ್ಮ ಕೈಲಾದರೆ ಅವರ ಕೆಲಸಕ್ಕೆ ಹೆಗಲು ಕೊಡಿ. ಮಕ್ಕಳಿಗೆ ಅಕ್ಷರ ಕಲಿಸುವ ಹಾಗೆಯೇ ಮನಸ್ಸನ್ನು ಓದುವುದನ್ನೂ ಕಲಿಸಬಹುದು. ಆದರೆ ಕಲಿಸುವವರ ಮನಸ್ಸು ನೆಮ್ಮದಿಯಾಗಿರಬೇಕು. ಇವತ್ತು ಸಂಜೆ ನಿಮ್ಮ ಮಗು ಶಾಲೆಯಿಂದ ಬಂದಾಗ ಚೀಲ ತೆಗೆದು ನೋಡುವ ಮುಂಚೆ ಪಕ್ಕದಲ್ಲಿ ಕೂತು ಕೇಳಿ: "ಇವತ್ತು ಒಳಗೆ ಹೇಗಿದೆ?" ಕೇಳಿದ ಮೇಲೆ, ಉತ್ತರ ಬರುವವರೆಗೂ ಎದ್ದು ಹೋಗಬೇಡಿ.