ಡ್ರಮ್ಮಿಗೆ ಬೆಂಕಿ ಹಚ್ಚಿದವರು ಯಾರು

೧೯೮೧ರ ಆಗಸ್ಟ್‌ನಲ್ಲಿ, ವಾದ್ಯವೃಂದಗಳ ಸ್ಪರ್ಧೆಯ ದಿನ, ಬೆಳಗಾವಿಯ ಒಂದು ಸಭಾಗೃಹದ ಪರದೆ ಸುಟ್ಟಿತು. ಸುಟ್ಟದ್ದು ಆರು ಅಡಿ. ಯಾರಿಗೂ ಗಾಯವಾಗಲಿಲ್ಲ. ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಮೇಲೆ ಹೀಗೊಂದು ತಲೆಬರಹ: ‘ತೀರ್ಪುಗಾರರ ಮೇಲೆ ಸಿಟ್ಟು, ಡ್ರಮ್ಮಿಗೆ ಬೆಂಕಿ ಇಟ್ಟ ಖಾನಾಪುರದ ಹುಡುಗರು.’

ಆ ನಾಲ್ಕು ಸಾಲಿನ ಮೇಲೆ ಸತ್ಯಪ್ಪ ಇಪ್ಪತ್ತು ವರ್ಷ ಮೆರೆದಿದ್ದ. ‘ಪ್ಲಾಟ್‌ಫಾರ್ಮ್ ಥ್ರೀ’ ಎಂಬ ರಾಕ್ ಬ್ಯಾಂಡಿಗೆ ಅವನು ಡ್ರಮ್ ಬಾರಿಸುತ್ತಿದ್ದ. ಖಾನಾಪುರ ನಿಲ್ದಾಣದಲ್ಲಿ ಮೂರನೇ ಪ್ಲಾಟ್‌ಫಾರ್ಮ್ ಇರಲಿಲ್ಲ. ಹೆಸರಿನ ಗಮ್ಮತ್ತು ಅದೇ. ಬೆಂಕಿಯ ನಂತರ ಯಾರೂ ವೇದಿಕೆ ಕೊಡದೆ ಬ್ಯಾಂಡು ಮುಗಿಯಿತು. ಈಗ ಅವನಿಗೆ ಪೀರನವಾಡಿಯಲ್ಲಿ ಮನೆ, ಬೆಳಗಾವಿಯ ಅಂಚೆ ಕಚೇರಿಯಲ್ಲಿ ಕೆಲಸ. ಕಚೇರಿಯವರು ಅವನನ್ನು ಕರೆಯುವುದೇ ‘ಬೆಂಕಿ ಸತ್ಯಪ್ಪ’ ಎಂದು. ಲಕೋಟೆಗಳಿಗೆ ಮುದ್ರೆ ಒತ್ತುವಾಗಲೂ ಅವನು ತಾಳ ಬಿಡುತ್ತಿರಲಿಲ್ಲ.

ನಿಜ ಸಂಗತಿ ಬೇರೆ ಇತ್ತು. ಅದು ಅವನಿಗೆ ಮತ್ತು ಹೆಂಡತಿ ಮಾಯವ್ವನಿಗೆ ಮಾತ್ರ ಗೊತ್ತು. ಸ್ಪರ್ಧೆಯ ಹಿಂದಿನ ದಿನ ಡ್ರಮ್ಮಿನ ಪ್ಲಾಸ್ಟಿಕ್ ಹೊದಿಕೆ ಹರಿದಿತ್ತು. ಸತ್ಯಪ್ಪನದು ಕುರಿ ಕಾಯುವ ಮನೆತನ. ಅಪ್ಪ ಕರೆಪ್ಪ ಡೊಳ್ಳು ಬಾರಿಸುವವನು. ಮಗ ಅಪ್ಪನ ಡೊಳ್ಳಿನ ಆಡಿನ ತೊಗಲು ಬಿಚ್ಚಿ ಡ್ರಮ್ಮಿಗೆ ಬಿಗಿದ. ಬಸ್ಸಿನ ಟಾಪಿನ ಮೇಲೆ ಬೆಳಗಾವಿ ಮುಟ್ಟುವಷ್ಟರಲ್ಲಿ ಮಳೆಗೆ ನೆನೆದು ತೊಗಲು ಸಡಿಲವಾಯಿತು. ನೆನೆದ ಡೊಳ್ಳನ್ನು ಬೆಂಕಿಗೆ ಹಿಡಿದು ಕಾಸಬೇಕೆಂಬುದು ಅವರ ಮನೆಯ ಸಣ್ಣ ಮಕ್ಕಳಿಗೂ ಗೊತ್ತು. ಅವನು ಪರದೆಯ ಹಿಂದೆ ಹಳೇ ಪೇಪರು ಹೊತ್ತಿಸಿ ಡ್ರಮ್ ಕಾಸಿದ. ಹೊಲದ ಬದುವಿನಲ್ಲಿ ಪರದೆ ಇರುವುದಿಲ್ಲ, ಇಲ್ಲಿ ಇದೆ ಎಂಬುದನ್ನು ಮರೆತಿದ್ದ. ಅಷ್ಟೇ.

೨೦೦೧ರಲ್ಲಿ ಚೇತನ ಎಂಬ ಬೆಳಗಾವಿಯ ಹುಡುಗ, ಪುಣೆಯಲ್ಲಿ ಸಿನಿಮಾ ಕಲಿತು ಬಂದವನು, ಬ್ಯಾಂಡಿನ ಕಥೆಯನ್ನು ಚಿತ್ರ ಮಾಡಲು ಹೊರಟ. ಸತ್ಯಪ್ಪನ ಮನೆಯಲ್ಲೇ ಮೊದಲ ಮಾತುಕತೆ. ಹಾಡುಗಾರನಾಗಿದ್ದ ಗಜಾನನ ಖಾನಾಪುರದ ತನ್ನ ಪ್ಲೈವುಡ್ ಅಂಗಡಿ ಮುಚ್ಚಿಕೊಂಡು ಬಂದಿದ್ದ. ಪತ್ರಿಕೆಯ ತುಣುಕನ್ನು ಲ್ಯಾಮಿನೇಟ್ ಮಾಡಿಸಿ ತಂದಿದ್ದ.

“ಬೆಂಕಿ ಹಚ್ಚೂ ವಿಚಾರ ಯಾರದ್ರೀ ಕಾಕಾ? ಸಿನಿಮಾಕ್ಕ ಒಬ್ಬನಽ ಹೀರೋ ಬೇಕು,” ಎಂದ ಚೇತನ.

“ನಂದು,” ಎಂದ ಸತ್ಯಪ್ಪ.

“ಸುಳ್ಳ!” ಗಜಾನನ ಕುರ್ಚಿಯ ತುದಿಗೆ ಸರಿದ. “ಕಡ್ಡಿ ಕೊರದಾಂವ ಇಂವಾ. ಆದ್ರ ‘ಹಚ್ಚಲೇ ಸತ್ಯಾ’ ಅಂತ ಕಣ್ಸನ್ನಿ ಮಾಡಿದಾಂವ ನಾ.”

“ನೀ ಆವಾಗ ಪಾಯಖಾನಿಯೊಳಗ ಇದ್ದಿ!”

“ಹೋಗೂಮುಂದ ಸನ್ನಿ ಮಾಡೇ ಹೋಗಿದ್ನಿ.”

ಮಾಯವ್ವ ಚಹಾ ತಂದಿಟ್ಟು ಗಂಡನ ಮುಖ ನೋಡಿದಳು. ನಿಜ ಹೇಳಿದರೆ ಗಜಾನನನ ಕಣ್ಸನ್ನೆ ಅಲ್ಲೇ ಸುಳ್ಳಾಗುತ್ತಿತ್ತು. ಆದರೆ ಅದರ ಜೊತೆಗೆ ಸತ್ಯಪ್ಪನ ಹೆಸರಿನ ಹಿಂದಿದ್ದ ಬೆಂಕಿಯೂ ಆರುತ್ತಿತ್ತು. ಅವನು ಚಹಾದ ಕಪ್ಪು ಎತ್ತಿಕೊಂಡ.

ಸ್ಕ್ರಿಪ್ಟ್ ಬಂದಾಗ ಹೀರೋ ಗಜಾನನ. ಅವನು ತೀರ್ಪುಗಾರರತ್ತ ಕೆಕ್ಕರಿಸಿ ನೋಡುತ್ತಾನೆ, ಸನ್ನೆ ಮಾಡುತ್ತಾನೆ. ಸತ್ಯಪ್ಪ ಎಂಬ ಪಾತ್ರ ‘ಆಗಲಿ ಗುರುವೇ’ ಎಂದು ಕಡ್ಡಿ ಗೀರುತ್ತದೆ.

“ಗುರುವೇ ಅಂತ!” ಸತ್ಯಪ್ಪನಿಗೆ ಮೂರು ದಿನ ಉಂಡದ್ದು ಮೈಗೆ ಹತ್ತಲಿಲ್ಲ. ಆದರೆ ಶೂಟಿಂಗ್ ನೋಡಲು ಕಚೇರಿಯವರನ್ನು ಆಗಲೇ ಕರೆದಾಗಿತ್ತು.

‘ಬೆಂಕಿ’ ಎಂಬ ಮಾತು ಕೇಳಿಯೇ ಬೆಳಗಾವಿಯ ಸಭಾಗೃಹಗಳವರು ಒಲ್ಲೆ ಎಂದಿದ್ದರಿಂದ, ಖಾನಾಪುರದ ಅಕ್ಕಿ ಗಿರಣಿಯ ಗೋದಾಮಿನಲ್ಲಿ ವೇದಿಕೆ ಎದ್ದಿತು. ಸ್ಪರ್ಧೆಯ ದಿನ ತೆಗೆದ ಹಳೆಯ ಫೋಟೋದಲ್ಲಿ ಡ್ರಮ್ಮಿನ ಅಂಚಿಗೆ ಆಡಿನ ಕೂದಲು ಕಾಣುತ್ತಿತ್ತು. ಚೇತನ ಅಂಥದೇ ತೊಗಲು ಬಿಗಿಸಿದ್ದ. ಆಗಸ್ಟ್ ತಿಂಗಳು. ತೆರೆದ ಟೆಂಪೋದಲ್ಲಿ ಬಂದ ಡ್ರಮ್ಮನ್ನು ನಟ ಬಾರಿಸಿದರೆ, ಒದ್ದೆ ಗೋಣಿಚೀಲಕ್ಕೆ ಗುದ್ದಿದಂತೆ ದಪ್ ಎಂದಿತು.

“ಸೌಂಡ್ ಬರವಲ್ದರೀ,” ಎಂದು ಧ್ವನಿಮುದ್ರಕ ಕೈ ಚೆಲ್ಲಿದ.

“ಕೊಡ್ರಿ ಇತ್ತ,” ಎಂದುಬಿಟ್ಟ ಸತ್ಯಪ್ಪ.

ಮುಂದಿನದನ್ನು ಅವನ ತಲೆ ಮಾಡಲಿಲ್ಲ, ಕೈ ಮಾಡಿತು. ಗೋದಾಮಿನ ಬಾಗಿಲಲ್ಲಿ ಒಂದು ಹಿಡಿ ಒಣಹುಲ್ಲು ಹೊತ್ತಿಸಿ, ಉರಿಯಿಂದ ಒಂದು ಗೇಣು ಮೇಲೆ ಡ್ರಮ್ಮನ್ನು ರೊಟ್ಟಿಯಂತೆ ಸುತ್ತ ತಿರುಗಿಸಿದ. ನಡುನಡುವೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ದಪ್ ಹೋಗಿ ಧಿಮ್ ಬಂತು. ಖುಷಿಯಿಂದ ತಿರುಗಿದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು.

“ಸತ್ಯಾ,” ಗಜಾನನನ ದನಿ ತಗ್ಗಿತ್ತು. “ಅವತ್ತೂ ಇದನ್ನಽ ಮಾಡಾಕತ್ತಿದ್ದೇನು?”

ಸತ್ಯಪ್ಪ ಮುಂದಿನ ಸಾಲಿನಲ್ಲಿ ಕೂತ ಕಚೇರಿಯವರನ್ನು ನೋಡಿದ. ಗಜಾನನನ ಕಂಕುಳಲ್ಲಿದ್ದ ಸ್ಕ್ರಿಪ್ಟ್ ನೋಡಿದ. ‘ಗುರುವೇ’ ನೆನಪಾಯಿತು.

“ಹೌಂದು. ಡ್ರಮ್ ಕಾಸಾಕತ್ತಿದ್ನಿ, ಪರದಿ ಹತ್ತಿತು. ಈಗ ಹೇಳು, ನೀ ಏನಂತ ಸನ್ನಿ ಮಾಡಿದ್ದಿ?”

ಗಜಾನನ ತಡವರಿಸಲಿಲ್ಲ. “ಅದನ್ನಽಪಾ. ಡ್ರಮ್ ಹಸಿ ಐತಿ, ಕಾಸು ಅಂತ ಮಾಡಿದ್ನಿ.”

“ಪರದಿಗೂ ಹಚ್ಚು ಅಂತ ನೀವಽ ಅಂದಿದ್ರೇನ್ರಿ ಭಾವಾರ?” ಹಿಂದಿನಿಂದ ಮಾಯವ್ವ ಕೇಳಿದಳು.

ಗೋದಾಮು ನಕ್ಕಿತು. ಕಚೇರಿಯ ಬಾಳಪ್ಪ ಎದ್ದು ನಿಂತು ಸಾರಿದ: “ಇಪ್ಪತ್ತು ವರ್ಷ ಬೆಂಕಿ ಸತ್ಯಪ್ಪ, ಬೆಂಕಿ ಸತ್ಯಪ್ಪ ಅಂದ್ವಲ್ರೋ! ನಾಳಿಂದ ಉಗುರುಬೆಚ್ಚಗ ಸತ್ಯಪ್ಪ!”

ಸತ್ಯಪ್ಪನ ಕಿವಿ ಕೆಂಪಾದವು. ಆದರೆ ಚೇತನ ನಗುತ್ತಿರಲಿಲ್ಲ. ಸ್ಕ್ರಿಪ್ಟಿನ ಎರಡು ಹಾಳೆ ಹರಿದು, ತೊಡೆಯ ಮೇಲಿಟ್ಟು ಹೊಸದಾಗಿ ಬರೆಯುತ್ತಿದ್ದ. ಕಾಸುವುದನ್ನು ನಟನಿಗೆ ಕಲಿಸಿ ನೋಡಿದರು. ಅವನು ಎರಡು ಸಲ ಬೆರಳು ಸುಟ್ಟುಕೊಂಡ.

“ಮಾರಿ ಅವ್ರದು ಇರ್ಲಿ ಕಾಕಾ, ಕೈ ನಿಮ್ಮು ಬೇಕು. ವಾಚು ಬಿಚ್ಚರಿ,” ಎಂದ ಚೇತನ.

ಸತ್ಯಪ್ಪ ವಾಚು ಬಿಚ್ಚಿ ಬಾಳಪ್ಪನ ಕೈಗೇ ಕೊಟ್ಟ.

“ಮತ್ತ ನಂದು?” ಎಂದ ಗಜಾನನ.

ಸತ್ಯಪ್ಪ ಕಡ್ಡಿಪೆಟ್ಟಿಗೆ ಅವನತ್ತ ಎಸೆದ. “ಬಾ, ಕಡ್ಡಿ ನೀ ಕೊರಿ. ಸನ್ನಿ ನಾ ಮಾಡ್ತೀನಿ.”

ಕಡ್ಡಿಗಳು ಮಳೆಗೆ ಹಸಿಯಾಗಿದ್ದವು. ಮೂರು ಗೀರಿದರೂ ಹತ್ತಲಿಲ್ಲ. ಗಜಾನನ ನಾಲ್ಕನೆಯದನ್ನು ತೆಗೆಯುವಷ್ಟರಲ್ಲಿ ಮಾಯವ್ವ ವೇದಿಕೆ ಹತ್ತಿ ಪರದೆಯನ್ನು ಎಳೆದು ದೂರದ ಕಂಬಕ್ಕೆ ಕಟ್ಟಿದಳು.