ಹಳದಿಯಾದ ಆಕಾಶ

ಕೆನ್ನೆಯ ಮೇಲೆ ಏನೋ ಬೆಚ್ಚಗೆ, ಬಿಸಿಲೇ ಇರಬೇಕು, ಹಾಗಾದರೆ ಕಿಟಕಿ ಬಲಕ್ಕಿದೆ, ಬೆಳಗಾಗಿದೆ, ಇವತ್ತು ಕಣ್ಣಿನ ಪಟ್ಟಿ ಬಿಚ್ಚುತ್ತಾರೆ — ತಲೆ ಅಲ್ಲಾಡಿಸಬಾರದು, ಎರಡೂ ಕಡೆ ಮರಳಿನ ಚೀಲ ಇಟ್ಟಿದ್ದಾರೆ, ನಾಸಿಕದಲ್ಲಿ ಪೊರೆ ತೆಗೆಸಿದ ಎಡಗಣ್ಣು ಕೀವಾಗಿ ಹೋಗಿಯೇಬಿಟ್ಟಿತು, ಈಗ ಉಳಿದಿರುವುದು ಇದೊಂದೇ, ಅದಕ್ಕೇ ಔರಂಗಾಬಾದಿನವರೆಗೆ ಬಂದದ್ದು, ಇದೂ ಹೋದರೆ — ಬೇಡ, ಬೇರೆ ಏನಾದರೂ ಯೋಚಿಸೋಣ, ಪಕ್ಕದ ಮಂಚದ ಪ್ರೇಮಾಬಾಯಿ ನಿನ್ನೆ ಕೇಳಿದ್ದನ್ನು. ಬೀದರಿನ ಕಡೆಯ ಹೆಂಗಸು, ಇಲ್ಲೇ ಹತ್ತಿರದ ಗಂಗಾಪುರಕ್ಕೆ ಕೊಟ್ಟದ್ದು, ಆಕೆಗೂ ಕಣ್ಣು ಕಟ್ಟಿದೆ, ಇಬ್ಬರೂ ಎಲೆಯಲ್ಲಿ ಸುತ್ತಿಟ್ಟ ಕಡುಬಿನ ಹಾಗೆ ಬಿದ್ದಿದ್ದೇವೆ, ನನಗೆ ಬಾಯಾರಿದ್ದು ಉಸಿರಿನಲ್ಲೇ ತಿಳಿದು ಆಯಾಳನ್ನು ಕರೆಯುವವಳು ಅವಳೇ. ಅಕ್ಕಾ, ನೀವು ಕಾಲೇಜ್ ಕಲ್ತವ್ರು, ಆಕಾಶ ನೀಲಿ ಯಾಕ ಅದ ಹೇಳ್ರಿ, ಕಣ್ಣ ಕಟ್ಟಿದ ಮ್ಯಾಲ ನನಗ ಅದೇ ನೆಪ್ಪ ಬರ್ಲಕತ್ತದ. ಹೇಳಿದೆ, ಬಿಸಿಲಿನಲ್ಲಿ ಎಲ್ಲ ಬಣ್ಣವೂ ಇದೆ, ಕೆಂಪಿನ ಅಲೆ ಉದ್ದ, ನೀಲಿಯದು ಗಿಡ್ಡ, ಗಾಳಿಯ ಕಣಗಳು ಗಿಡ್ಡ ಅಲೆಯನ್ನೇ ಹೆಚ್ಚಾಗಿ ಸುತ್ತೆಲ್ಲ ಚೆದರಿಸುತ್ತವೆ, ಎತ್ತ ನೋಡಿದರೂ ನೀಲಿ. ಆದರೆ ನೇರಳೆಯ ಅಲೆ ಇನ್ನೂ ಗಿಡ್ಡ, ಮತ್ತೆ ಆಕಾಶ ಯಾಕೆ ನೇರಳೆಯಲ್ಲ — ಮಂಗಳೂರಿನ ಕಾಲೇಜಿನಲ್ಲಿ ಎದ್ದು ನಿಂತು ಕೇಳಿದ್ದೆ, ಬಿಸಿಲಿನಲ್ಲಿ ನೇರಳೆ ಕಡಿಮೆ, ನಮ್ಮ ಕಣ್ಣಿಗೆ ಅದರ ಮೇಲೆ ಪ್ರೀತಿಯೂ ಕಡಿಮೆ ಅಂದರು ಮಾಸ್ತರರು, ಆಗಲೂ ಮನಸ್ಸು ಒಪ್ಪಲಿಲ್ಲ, ಈಗಲೂ. ನಾಸಿಕದ ನಮ್ಮ ಹೋಟೆಲಿನಲ್ಲಿ ನಮ್ಮ ಯಜಮಾನರು ಹಾಲಿನ ಗ್ಲಾಸನ್ನು ಓರೆಮಾಡಿ ಅಂಚು ನೋಡುವುದು, ನೀಲಿ ಕಂಡರೆ ನೀರು ಬಿದ್ದಿದೆ ಎಂದು ಗೌಳಿಯನ್ನು ಗದರುವುದು, ಅದೂ ಆಕಾಶದ ನೀಲಿಯ ಸಂಬಂಧಿಯೇ ಎಂದು ನಾನು ವಿವರಿಸಿದರೆ, ಹಾಗಾದರೆ ಆಕಾಶಕ್ಕೂ ನೀರು ಬೆರೆಸಿದ್ದಾರಾ ಮಾರಾಯ್ತಿ, ಆ ಗೌಳಿ ಯಾರು? ಒಂದನ್ನು ಮಾತ್ರ ಪ್ರೇಮಾಬಾಯಿಗೆ ಹೇಳಲಿಲ್ಲ, ಕೆಲವು ವರ್ಷಗಳಿಂದ ಆಕಾಶ ನೀಲಿಯೇ ಇಲ್ಲ, ಹಳೇ ಕಾಗದದ ಹಾಗೆ ಹಳದಿ, ನಾಸಿಕದ ಅಂಚಿನ ಸಾತಪುರದ ಕಾರ್ಖಾನೆಗಳ ಹೊಗೆ ಎಂದುಕೊಂಡಿದ್ದೆ, ಆದರೆ ಇಲ್ಲಿಗೆ ಬರುವಾಗ ಯೇವಲಾ ದಾಟಿದ ಮೇಲೆ ಬರೀ ಹತ್ತಿಯ ಹೊಲ, ಒಂದು ಚಿಮಣಿಯೂ ಇಲ್ಲ, ಅಲ್ಲಿಯೂ ಹಳದಿ. ಇಲ್ಲಿಯೂ ಹೀಗೆಯಾ ಅಂದೆ, ಇವರು ಬಸ್ಸಿನ ಕಿಟಕಿಯಿಂದ ಬಗ್ಗಿ ಬಹಳ ಹೊತ್ತು ಮೇಲೆ ನೋಡಿದರು, ಅದಕ್ಕೂ ನಿನ್ನ ಹಾಗೆ ವಯಸ್ಸಾಯಿತು, ಬಿಡು.

ಚಪ್ಪಲಿಯ ಸದ್ದು, ಡಾಕ್ಟರು, ಒದ್ದೆ ಹತ್ತಿ, ಪಟ್ಟಿ ಸುತ್ತು ಸುತ್ತಾಗಿ ಬಿಚ್ಚುತ್ತಿದೆ, ಆಜಿ, ಹಳೂಹಳೂ, ಮೆಲ್ಲಮೆಲ್ಲಗೆ ತೆರೆಯಬೇಕಂತೆ — ತೆರೆಯಲೇ, ತೆರೆದರೆ ತಿಳಿದುಬಿಡುತ್ತದೆ, ಇನ್ನೊಂದು ಕ್ಷಣ ಹೀಗೇ ಇದ್ದರೆ — ಬೆಳಕು. ನೀರಿನೊಳಗಿನ ಬೆಳಕು, ಯಾವುದಕ್ಕೂ ಅಂಚಿಲ್ಲ, ಏನೋ ಅಲ್ಲಾಡುತ್ತಿದೆ, ಕೈ, ಅದು ಕೈ, ಬೆರಳು ಎಣಿಸಲಾರೆ ಆದರೆ ಕೈ, ಸಾಕು ಆಜಿ, ಕನ್ನಡಕ ಬಂದ ಮೇಲೆ ಅಕ್ಷರವೂ ಕಾಣುತ್ತದೆ ಅನ್ನುತ್ತಿದ್ದಾರೆ, ಉಳಿಯಿತು, ಕಣ್ಣು ಉಳಿಯಿತು. ಅಗೋ ಕಿಟಕಿ, ಅಯ್ಯೋ ಎಂಥ ನೀಲಿ, ಆಳದಲ್ಲಿ ತುಸು ನೇರಳೆಯೂ ಇದೆ, ಅಂದರೆ ಹಳದಿ ಇದ್ದದ್ದು ಆಕಾಶದಲ್ಲಲ್ಲ, ನನ್ನ ಪೊರೆಯಲ್ಲಿ, ನೀಲಿಯನ್ನೆಲ್ಲ ಅದೇ ತಡೆದು ನಿಲ್ಲಿಸಿತ್ತು, ನನಗೆ ಹೊಳೆಯಲೇ ಇಲ್ಲವಲ್ಲ. ಮಂಚದ ಪಕ್ಕದಲ್ಲಿ ಇನ್ನೊಂದು ನೀಲಿ, ಉದ್ದಕ್ಕೆ ನಿಂತಿದೆ, ಯಾರು? ನಾನೇ ಮಾರಾಯ್ತಿ. ಇದೇನು, ಬಣ್ಣದ ಪಂಚೆ ಯಾವಾಗ ತೆಗೆದುಕೊಂಡಿರಿ? ಆಯಾ ಕಿಸಕ್ಕೆಂದದ್ದು ಕೇಳಿಸಿತು. ಬಿಳಿಯದ್ದೇ, ನೀನು ಒಗೆದದ್ದು. ನಾನು — ಎಷ್ಟು ತಿಕ್ಕಿದರೂ ಹೋಗದ ಆ ಹಳದಿ, ಕೊನೆಯ ಸಲ ಜಾಲಿಸುವ ನೀರಿಗೆ ಇನ್ನೊಂದು ಚಿಟಿಕೆ ನೀಲಿ ಪುಡಿ, ಇನ್ನೂ ಒಂದು, ಹೋಟೆಲಿನ ಹುಡುಗರ ಅಂಗಿ, ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಮೈದುನ ದೇವದಾಸನ ಪಂಚೆ, ಎಲ್ಲರೂ ಹೀಗೇ ನಾಸಿಕದ ಪೇಟೆ ಸುತ್ತಿದರೇ, ಮದುವೆ ಮನೆಗಳಿಗೂ, ಒಬ್ಬನೂ ಬಾಯಿ ಬಿಡಲಿಲ್ಲ, ಯಾಕೆ ಹೇಳಲಿಲ್ಲ ನೀವು? ಏನಂತ ಹೇಳುವುದು, ಒಗೆದದ್ದನ್ನು ಬಿಸಿಲಿಗೆ ಹಿಡಿದು ನೋಡಿ ಅಷ್ಟು ಖುಷಿಪಡ್ತಿದ್ದೆ. ಅಕ್ಕಾ, ಕಾಣಸ್ತದೇನ್ರೀ ಆಕಾಶ, ಎಂಥಾ ನೀಲಿ ಅದ ಹೇಳ್ರಿ — ಹೇಳಬೇಕು, ಪಾಪ ಕಾಯುತ್ತಿದ್ದಾಳೆ, ಕಿಟಕಿಯ ಕಡೆ ನೋಡಿ ಹೇಳಬೇಕು, ಕಣ್ಣು ತಿರುಗುತ್ತಿಲ್ಲ, ಇವರ ಪಂಚೆ, ನೀಲಿ, ಸೊಂಟದಿಂದ ಅಂಚಿನವರೆಗೆ ನೀಲಿ, ಇವರ ಪಂಚೆ —