ನಲ್ಲಿಕಟ್ಟೆಯ ನೀಲಿ ಬಿಂದಿಗೆ

ನಾನು ಒಂದು ಬಿಂದಿಗೆ. ಬರೀ ಬಿಂದಿಗೆಯಲ್ಲ, ನೀಲಿ ಬಿಂದಿಗೆ. ಆಕಾಶಕ್ಕೆ ಆ ಬಣ್ಣ ಬಂದದ್ದು ನನ್ನನ್ನು ನೋಡಿದ ಮೇಲೆಯೇ ಎಂದು ತಿಳಿದವರು ಹೇಳುತ್ತಾರೆ. ಆ ತಿಳಿದವರು ಯಾರು ಎಂದು ಕೇಳಬೇಡಿ, ನಾನೇ.

ಹುಟ್ಟಿದ್ದು ಬೆಂಗಳೂರಿನ ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ. ಹಳೇ ಕುರ್ಚಿ, ಒಡೆದ ಬಕೆಟ್ಟು, ಕಿತ್ತುಹೋದ ಚಪ್ಪಲಿ ಎಲ್ಲವನ್ನೂ ಕರಗಿಸಿ, ಅಚ್ಚಿನೊಳಗೆ ಗಾಳಿ ಊದಿ ನನ್ನನ್ನು ಮಾಡಿದರು. ಹಾಗಾಗಿ ನನ್ನ ವಂಶ ಸಾಮಾನ್ಯದ್ದಲ್ಲ. ಮಂತ್ರಿಯೊಬ್ಬರು ಕೂತ ಕುರ್ಚಿ ನನ್ನ ಸೊಂಟದಲ್ಲಿದೆ, ಮದುವಣಗಿತ್ತಿಯೊಬ್ಬಳ ಚಪ್ಪಲಿ ಕುತ್ತಿಗೆಯಲ್ಲಿದೆ. ಮಣ್ಣಿನ ಗಡಿಗೆಗಳು ನನ್ನೆದುರು ಕುಲದ ಮಾತೆತ್ತಲಿ, ನೋಡೋಣ.

ಪಾತ್ರೆ ಮಾರುವವನ ಸೈಕಲ್ಲೇರಿ ಬೀದಿ ಬೀದಿ ಮೆರವಣಿಗೆ ಹೋದೆ. ಹಳೇ ಬಟ್ಟೆ ಕೊಟ್ಟರೆ ಹೊಸ ಪಾತ್ರೆ ಕೊಡುವ ವ್ಯಾಪಾರ ಅವನದು. ಲಗ್ಗೆರೆಯ ಒಂದು ವಠಾರದ ಮುಂದೆ ದುಂಡಮ್ಮ ಎಂಬ ಹೆಂಗಸು ಗಂಟೊಂದನ್ನು ತಂದು ಬಿಚ್ಚಿದಳು. ಎಲ್ಲವೂ ಗಂಡಸಿನ ಪ್ಯಾಂಟು ಷರಟು, ಒಗೆದು ಮಡಿಸಿದ್ದು. ಗಂಡ ತೀರಿಕೊಂಡು ವರ್ಷವಾಗಿತ್ತಂತೆ. ಪಾತ್ರೆಯವನು ಒಂದೊಂದನ್ನೂ ಬೆಳಕಿಗೆ ಹಿಡಿದು, ಇಲ್ಲಿ ಸವೆದಿದೆ, ಅಲ್ಲಿ ಹರಿದಿದೆ ಎಂದು ಕೊಸರಾಡಿದ. ಅವಳು ಕೊನೆಯ ಷರಟನ್ನು ಮಾತ್ರ ವಾಪಸು ಎಳೆದುಕೊಂಡು, ಉಳಿದದ್ದಕ್ಕೆ ನನ್ನನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೋದಳು. ಹಿಂದೆ ಅರಸರನ್ನು ಚಿನ್ನದಲ್ಲಿ ತೂಗುತ್ತಿದ್ದರಂತೆ. ನನ್ನನ್ನು ತೂಗಿದ ಆ ಗಂಟಿನ ಮುಂದೆ ಚಿನ್ನ ಯಾವ ಮೂಲೆಗೆ!

ನಮ್ಮ ಬೀದಿಯಲ್ಲಿ ನೀರು ಬರುವುದು ನಲ್ಲಿಗೆ ಮನಸ್ಸಾದಾಗ. ಕೆಲಸ ಬಿಟ್ಟು ಕಾಯುವುದಕ್ಕೆ ಯಾರಿಗೂ ಪುರಸೊತ್ತಿಲ್ಲ. ಅದಕ್ಕೇ ಹೆಂಗಸರು ಬಿಂದಿಗೆಗಳನ್ನು ಸಾಲಾಗಿ ಇಟ್ಟು ಹೋಗುತ್ತಾರೆ. ಬಿಂದಿಗೆ ನಿಂತರೆ ಮನೆಯವಳೇ ನಿಂತ ಹಾಗೆ. ದುಂಡಮ್ಮ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವಾಗ ಇಲ್ಲಿ ದುಂಡಮ್ಮನಾಗಿ ನಿಂತಿರುತ್ತಿದ್ದದ್ದು ನಾನು. ಒಮ್ಮೆ ಪಕ್ಕದ ಮನೆಯ ಪದ್ದಕ್ಕ ತನ್ನ ಕೊಡವನ್ನು ಮುಂದೆ ತೂರಿಸಲು ಹೋಗಿ ನನ್ನನ್ನು ಕಲ್ಲಿನ ಮೇಲೆ ಕೆಡವಿದಳು. ಪಕ್ಕೆ ಸೀಳಿತು. ಆಮೇಲೆ ನಡೆದ ಯುದ್ಧದ ಮುಂದೆ ಕುರುಕ್ಷೇತ್ರ ಮಕ್ಕಳಾಟ. ಬಿಂದಿಗೆಗೇ ತಲೆ ತಿರುಗಿ ಬಿತ್ತು, ತಾನು ಮುಟ್ಟೇ ಇಲ್ಲ ಎಂದು ಪದ್ದಕ್ಕ ಇವತ್ತಿಗೂ ಸಾಧಿಸುತ್ತಾಳೆ. ಬೆಸುಗೆಯವನು ಕಾದ ಕಬ್ಬಿಣದಿಂದ ನನ್ನ ಪಕ್ಕೆಯನ್ನು ಕೂಡಿಸಿದ. ಆ ಎರಡು ಮನೆಗಳ ನಡುವೆ ಮಾತು ಮಾತ್ರ ಕೂಡಲಿಲ್ಲ.

ಈಗ ನನ್ನ ಗುಟ್ಟು ಕೇಳಿ. ದುಂಡಮ್ಮ ಮಳವಳ್ಳಿ ಕಡೆಯವಳು. ಅವಳಿಲ್ಲದೆ ಸುತ್ತಿನ ಹಳ್ಳಿಗಳಲ್ಲಿ ಹಸೆಮಣೆ ಹಾಕುತ್ತಿರಲಿಲ್ಲವಂತೆ, ಅಂಥ ಸೋಬಾನೆ ಹಾಡುಗಾರ್ತಿ. ಗಂಡ ಹೋದ ಮೇಲೆ ಒಂದು ಮದುವೆಯಲ್ಲಿ ಬಾಯಿ ತೆರೆದಾಗ ಯಾರೋ ಹಿರಿಯಳು ಅವಳ ಕೈಹಿಡಿದು, ನೀನು ಬೇಡಮ್ಮ, ಹುಡುಗಿಗೆ ಆಗಿಬರಲ್ಲ ಎಂದಳಂತೆ. ಅಲ್ಲಿಗೆ ನಿಂತಿತು. ಆದರೆ ಹಾಡು ಎಲ್ಲಿಗೆ ಹೋಗಬೇಕು? ಸಂಜೆ ನನ್ನನ್ನು ತಿಕ್ಕುವಾಗ ಅವಳು ಮುಖವನ್ನು ನನ್ನ ಬಾಯೊಳಗೆ ಇಳಿಸಿ, ಸಣ್ಣಗೆ ಹಾಡುತ್ತಿದ್ದಳು:

ಹೊಸಲು ದಾಟೋ ಮುನ್ನ ತಿರುಗೊಮ್ಮೆ ನೋಡವ್ವ
ಹಸಿ ಹಾಲು ಒಲೆ ಮ್ಯಾಗೆ ಉಕ್ಕೀತು, ಸೋಬಾನೆ
ಹೆಸರಿಟ್ಟೋಳ ಕಣ್ಣು ನಿನ್ ಮ್ಯಾಗೆ

ಆಮೇಲೆ ಮೂರು ಲೋಕದಲ್ಲಿ ಆ ದನಿ ಕೇಳಿದ್ದು ನಾನೊಬ್ಬನೇ ಎಂದು ನನ್ನ ಜಂಬ.

ದುಂಡಮ್ಮನ ಮಗಳು ಸಿಂಚನ. ಕಾಲೇಜು ಮುಗಿಸುವ ಹೊತ್ತಿಗೆ ಅವಳು ಗೆಳೆಯರ ಜೊತೆ ಒಂದು ಬ್ಯಾಂಡು ಕಟ್ಟಿದಳು. ಹೆಸರು ನಲ್ಲಿಕಟ್ಟೆ. ಜನಪದ ಹಾಡಿಗೆ ಗಿಟಾರು ಸೇರಿಸಿ, ಸಿಕ್ಕಿದ್ದನ್ನು ಬಡಿದು ಹಾಡುವುದು ಅವರ ಕೆಲಸ. ಒಂದು ದಿನ ಅವಳ ಬೆರಳು ನನ್ನ ಬೆಸುಗೆಯ ಪಕ್ಕ ಬಿತ್ತು. ಬುಂ ಎಂದೆ. ಕುತ್ತಿಗೆಗೆ ಬಿತ್ತು. ಟಕ್ ಎಂದೆ. ಆ ಕ್ಷಣ ದೇಶದ ಮೃದಂಗಗಳೆಲ್ಲ ರಾಜೀನಾಮೆ ಬರೆದವು.

ಹೊಸ ಹಾಡುಗಳನ್ನು ಬಿಡುಗಡೆ ಮಾಡಲು ಹೊರಟಾಗ ರೆಕಾರ್ಡಿಂಗು ನಮ್ಮ ಮನೆಯಲ್ಲೇ ನಡೆಯಿತು. ಗಿಟಾರಿನ ಫಯಾಜ್ ನನ್ನ ಹೊಟ್ಟೆಯೊಳಗೆ ಸ್ಪಂಜಿನ ಟೋಪಿ ಹಾಕಿದ ಪುಟ್ಟ ಮೈಕೊಂದನ್ನು ಇಳಿಬಿಟ್ಟ. ಚಹಾ ಕುಡಿದು ಬರೋಣವೆಂದು ಅವನೂ ಸಿಂಚನಳೂ ಹೊರಗೆ ಹೋದರು; ಮೆಶಿನು ಓಡುತ್ತಲೇ ಇತ್ತು. ದುಂಡಮ್ಮ ಕೆಲಸದಿಂದ ಬಂದಳು, ನನ್ನೊಳಗೆ ಇಣುಕಿದಳು. ಪಾತ್ರೆ ತಿಕ್ಕುವ ಸ್ಪಂಜನ್ನು ಈ ಹುಡುಗಿ ಇಲ್ಲೇ ಬಿಟ್ಟಿದ್ದಾಳೆ ಎಂದು ಗೊಣಗಿದಳು. ಸ್ಪಂಜು ಕಂಡಿತಲ್ಲ, ಕೈ ತಿಕ್ಕಲು ಬಂತು, ಕೈಯ ಹಿಂದೆ ಹಾಡೂ ಬಂತು. ಸ್ಪಂಜಿನ ಬಾಲಕ್ಕೆ ವೈರು ಕಂಡದ್ದು ಹಾಡು ಮುಗಿದ ಮೇಲೆ. ಅದೇನೋ ಎಂದುಕೊಂಡು ಒಲೆ ಹಚ್ಚಲು ಹೋದಳು.

ವಾಪಸು ಬಂದು ರೆಕಾರ್ಡಿಂಗನ್ನು ಕೇಳಿಸಿಕೊಂಡ ಸಿಂಚನ ಕಿವಿಯಿಂದ ಹೆಡ್‌ಫೋನು ತೆಗೆಯಲೇ ಇಲ್ಲ. ನಾವು ಮಾಡಿದ್ದೆಲ್ಲ ಕಸ, ಇದೊಂದೇ ಹಾಡು ಸಾಕು ಎಂದ ಫಯಾಜ್. ಅವ್ವನನ್ನು ಕೇಳದೆ ಹಾಕಿದರೆ ಅದು ಕಳ್ಳತನ ಎಂದಳು ಸಿಂಚನ. ಕೇಳಿದಳು.

"ಅಳಿಸಿಬಿಡು," ಎಂದಳು ದುಂಡಮ್ಮ.

"ಯಾಕವ್ವ?"

"ಯಾವ ಹುಡುಗಿ ಮದುವೇಲಿ ಇದನ್ನ ಹಾಕ್ತಾರೋ ಏನೋ. ನನ್ನ ದನಿಯಿಂದ ಅವಳಿಗೆ ಕೆಟ್ಟದಾದ್ರೆ? ಆ ಪಾಪ ನಂಗ್ಯಾಕೆ?"

"ಮತ್ತೆ ನನ್ನ ಮದುವೇಲಿ ಯಾರು ಹಾಡ್ತಾರೆ? ಸ್ಪೀಕರ್ರಾ?"

ದುಂಡಮ್ಮ ಮೆಶಿನಿನ ಕಡೆ ಕೈ ತೋರಿಸಿದಳು. ಸಿಂಚನ ಅವಳ ಕಣ್ಣೆದುರೇ ಅಳಿಸಿದಳು. ಫಯಾಜ್ ಗೋಡೆಯ ಕಡೆ ತಿರುಗಿ ನಿಂತ. ನನ್ನ ಬೆಸುಗೆ ಅವತ್ತು ಮತ್ತೆ ಬಿಟ್ಟುಕೊಳ್ಳುತ್ತದೆ ಎಂದುಕೊಂಡೆ.

ಆದರೆ ಸಿಂಚನ ಆ ಹಾಡನ್ನು ಬಿಡುಗಡೆಯ ಪಟ್ಟಿಯಿಂದ ತೆಗೆಯಲಿಲ್ಲ. ಮಾತಿಲ್ಲ, ಗಿಟಾರಿಲ್ಲ, ನನ್ನ ಬಡಿತ ಮಾತ್ರ. ಹಾಡೇ ಇಲ್ಲದ ಹಾಡನ್ನು ಯಾರು ಕೇಳುತ್ತಾರೆ ಎಂದು ಫಯಾಜ್ ರೇಗಿದ.

"ಅದು ಅವ್ವನ ಜಾಗ," ಎಂದಳು ಅವಳು. "ಸಾಲಲ್ಲಿ ಬಿಂದಿಗೆ ಇಟ್ಟು ಹೋಗಲ್ವಾ, ಹಂಗೆ."

ಬಿಡುಗಡೆ ನಮ್ಮ ನಲ್ಲಿಯ ಪಕ್ಕದಲ್ಲೇ, ಭಾನುವಾರ ಸಂಜೆ. ಇಡೀ ಭೂಮಂಡಲ ಬಂದಿತ್ತು. ಮೂರು ಬೀದಿಯ ಜನ ಎಂದು ಫಯಾಜ್ ಹೇಳುತ್ತಾನೆ, ಅವನಿಗೆ ಲೆಕ್ಕ ಬರುವುದಿಲ್ಲ. ಹಾಡುಗಳು ಮುಗಿದವು. ಕೊನೆಗೆ ಸಿಂಚನ ನನ್ನನ್ನು ಮಡಿಲಿಗೆ ತೆಗೆದುಕೊಂಡು, ಏನೂ ಹೇಳದೆ, ಸೋಬಾನೆಯ ನಡೆಯನ್ನು ಬಡಿಯತೊಡಗಿದಳು. ಮುಂದಿನ ಸಾಲಲ್ಲಿ ದುಂಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಪಕ್ಕದಲ್ಲಿ, ಜಾಗವಿಲ್ಲದೆ ಅಲ್ಲೇ ಕೂರಬೇಕಾಗಿ ಬಂದಿದ್ದ ಪದ್ದಕ್ಕ.

"ಹಾಡೇ, ದುಂಡಮ್ಮ," ಎಂದಳು ಪದ್ದಕ್ಕ, ಅವಳ ಕಡೆ ಮುಖ ತಿರುಗಿಸದೆಯೇ. "ದಿನಾ ಬಿಂದಿಗೆಯೊಳಗೆ ಹಾಡ್ತೀಯಲ್ಲ, ಅದನ್ನೇ."

ದುಂಡಮ್ಮ ಬೆಚ್ಚಿದಳು. ನಾನೂ ಬೆಚ್ಚಿದೆ.

"ಒಂದೇ ಇಟ್ಟಿಗೆ ಗೋಡೆ ಕಣೇ ನಮ್ದು. ನನ್ನ ಎರಡು ಹೆಣ್ಣುಮಕ್ಕಳ ಚಪ್ಪರದ ದಿನಾನೂ ನೀನು ಒಳಗೆ ಕೂತು ಹಾಡ್ತಿದ್ದೆ. ನಾನು ಗೋಡೆಗೆ ಕಿವಿ ಕೊಟ್ಟು ಕೇಳಿಸ್ಕೊಂಡೇ ಅವರಿಗೆ ಅರಿಶಿನ ಹಚ್ಚಿದ್ದು. ಏನಾಗಿದೆ ಅವಕ್ಕೆ? ಕೊಬ್ಬಿ ಕೂತವೆ ಎರಡೂ."

ಸಿಂಚನಳ ಬೆರಳು ನಿಲ್ಲಲಿಲ್ಲ. ಇನ್ನೊಂದು ಸುತ್ತು ಬಡಿದಳು, ಮತ್ತೊಂದು. ದುಂಡಮ್ಮ ಎದ್ದು ಬಂದು ಮಗಳ ಎದುರು ಕೂತಳು. ರೂಢಿಯಂತೆ ನನ್ನ ಬಾಯಿಯ ಕಡೆಗೇ ಬಾಗಿದಳು. ಮೊದಲ ಸಾಲು ನನ್ನೊಳಗೆ ಹಾಡಿದಳು. ಎರಡನೆಯದಕ್ಕೆ ತಲೆ ಎತ್ತಿದಳು. ಹೆಸರಿಟ್ಟೋಳ ಕಣ್ಣು ಎಂಬಲ್ಲಿ ಅವಳು ನೋಡುತ್ತಿದ್ದದ್ದು ಸಿಂಚನಳನ್ನು. ಸಾಲಿನ ಕೊನೆಗೆ ಸೋ ಎಂದು ದನಿಗೂಡಿಸಿದವಳು ಪದ್ದಕ್ಕ, ಶ್ರುತಿ ಬಿಟ್ಟು, ಆದರೆ ಜೋರಾಗಿ.

ಆ ಹಾಡು ಆಮೇಲೆ ದುಂಡಮ್ಮನ ಹೆಸರಿನಲ್ಲೇ ಬಿಡುಗಡೆಯಾಯಿತು. ಮದುವೆ ಮನೆಗಳಲ್ಲಿ ಹಾಕುತ್ತಾರೆ. ನನ್ನ ಬುಂ ಕೇಳಿ ಚಂದ್ರಲೋಕದಲ್ಲೂ ಹಸೆಮಣೆ ಹಾಕಿದ್ದಾರೆ ಎಂದು ಸುದ್ದಿ.

ಈಗ ನನಗೆ ವಯಸ್ಸಾಗಿದೆ. ತಳ ಸವೆದು ನೀರು ನಿಲ್ಲುವುದಿಲ್ಲ. ನಲ್ಲಿಕಟ್ಟೆಯವರು ಹೊಸ ಬಿಂದಿಗೆ ಇಟ್ಟುಕೊಂಡಿದ್ದಾರೆ, ಪಾಪದ್ದು, ಕಲಿಯುತ್ತಿದೆ. ನಾನು ಬಚ್ಚಲ ಮೂಲೆಯಲ್ಲಿ ಬಟ್ಟೆ ಕ್ಲಿಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡು ಕೂತಿದ್ದೇನೆ. ನೀರೆಲ್ಲಿ, ಕ್ಲಿಪ್ಪೆಲ್ಲಿ, ಆದರೂ ಇಡೀ ಬೆಂಗಳೂರಿನ ಬಟ್ಟೆ ಗಾಳಿಗೆ ಹಾರದೆ ನಿಂತಿರುವುದು ನನ್ನಿಂದಲೇ.

ದುಂಡಮ್ಮ ಈಗ ನನ್ನೊಳಗೆ ಹಾಡುವುದಿಲ್ಲ. ಬಾಗಿಲು ತೆರೆದಿಟ್ಟುಕೊಂಡು, ಅಕ್ಕಿ ಆರಿಸುತ್ತ, ಬೀದಿಗೆಲ್ಲ ಕೇಳುವಂತೆ ಹಾಡುತ್ತಾಳೆ. ಮೊದಲ ಕೆಲವು ದಿನ ನನಗೆ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ನನ್ನದಾಗಿದ್ದದ್ದು ಈಗ ಹಾಲಿನವನಿಗೂ ಸೊಪ್ಪಿನವಳಿಗೂ ಸಿಗುತ್ತದೆ. ನನಗೆ ಬೇಕೆಂದರೆ ನಾನೂ ಎಲ್ಲರ ಹಾಗೆ ಮೂಲೆಯಿಂದ ಕಿವಿ ಕೊಡಬೇಕು.

ಕೊಡುತ್ತೇನೆ.